ಅಂಕಿತವಿಲ್ಲದ ಪದಗಳು

ಹಳೆಯ ಧ್ವನಿಮುದ್ರಣಗಳ ವಿಚಾರದಲ್ಲಿ ನಮ್ಮ ಕಲಬುರಗಿಯ ಸೀಮೆಯಲ್ಲಿ ಒಂದು ಮತವು ಈಚೆಗೆ ಎಷ್ಟು ದೃಢವಾಗಿ ನೆಲೆಯೂರಿದೆಯೆಂದರೆ, ಅದೊಂದು ಮತ, ಅದಕ್ಕೆ ಪ್ರತಿಮತವೂ ಇರಬಹುದು ಎಂಬುದೇ ಜನಕ್ಕೆ ಮರೆತುಹೋಗಿದೆ. ಆ ಮತದ ಸಾರವಿಷ್ಟು: ಗ್ರಾಮಫೋನ್ ಪ್ಲೇಟಿನಲ್ಲಾಗಲಿ ಕ್ಯಾಸೆಟ್ಟಿನ ಪಟ್ಟಿಯಲ್ಲಾಗಲಿ ಇರುವ ಬೆಲೆಯುಳ್ಳ ವಸ್ತುವೆಂದರೆ ಹಾಡೊಂದೇ, ಆ ಹಾಡನ್ನು ಕಂಪ್ಯೂಟರಿಗೆ ಇಳಿಸಿ ಎಂಪಿ-ತ್ರೀ ಫೈಲನ್ನಾಗಿ ಮಾಡಿ ಪೆನ್‌ಡ್ರೈವಿಗೆ ತುಂಬಿದ ಕ್ಷಣದಲ್ಲಿ ಹಾಡು ಶಾಶ್ವತವಾಯಿತು, ಮಿಕ್ಕದ್ದು ಬರಿಯ ಅರಗು ಮತ್ತು ಪ್ಲಾಸ್ಟಿಕ್ಕು, ಅದನ್ನು ಗುಜರಿಗೆ ಹಾಕಿದರೂ ನಷ್ಟವಿಲ್ಲ. ಕಮಲಾಪುರದ ಭಜನಾಮಂಡಳಿಯ ಹಿರಿಯರೂ, ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿಯ ಹುಡುಗರೂ, ಜಾನಪದವನ್ನು ಬೋಧಿಸುವ ಅಧ್ಯಾಪಕರೂ ಬೇರೆ ಯಾವ ಮಾತಿನಲ್ಲಿಯೂ ಒಮ್ಮತರಾಗದಿದ್ದರೂ ಇದರಲ್ಲಿ ಮಾತ್ರ ಏಕಕಂಠರಾಗಿದ್ದಾರೆ. ಇಷ್ಟು ಭಿನ್ನರಾದವರು ಇಷ್ಟು ಸುಲಭವಾಗಿ ಒಪ್ಪಿದ ಮಾತನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅನುಚಿತವೇನೂ ಅಲ್ಲ.

ಖಂಡನೆಗೆ ಹೊರಟವನು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮೊದಲು ನಿಲ್ಲಿಸತಕ್ಕದ್ದೆಂಬುದು ನಮ್ಮ ಶಾಸ್ತ್ರಕಾರರ ಸಂಪ್ರದಾಯ. ಈ ಪೂರ್ವಪಕ್ಷಕ್ಕಾದರೋ ಬಲ ಕಡಮೆಯಿಲ್ಲ. ಕಲಬುರಗಿಗೆ ಆಕಾಶವಾಣಿಯು 1966ರಲ್ಲಿ ಬಂದಿತು. ಬಂದುದರಿಂದ ಈ ಭಾಗದ ಅನೇಕ ಕಲಾವಿದರ ಕಂಠವು ದೂರದವರ ಕಿವಿಗೂ ತಲಪಿತು. ಆದರೆ ನಿಲಯದ ಗಡಿಯಾರಕ್ಕೆ ಒಗ್ಗುವಷ್ಟು ಹಾಡು ಮಾತ್ರ ನಿಲಯದಲ್ಲಿ ಹುಟ್ಟಬಲ್ಲದು. ದೀಪ ಹಚ್ಚಿದ ಮೇಲೆ ಆರಂಭವಾಗಿ ಬೆಳ್ಳಿ ಮೂಡುವವರೆಗೆ ನಡೆಯುವ ಭಜನೆಯನ್ನು, ಮೊಹರಮ್ಮಿನ ರಾತ್ರಿಗಳ ರಿವಾಯತ್ ಪದಗಳನ್ನು, ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಶಿಷ್ಯರ ತತ್ವಪದಗಳನ್ನು, ದಪ್ಪು ತುಂತುಣಿಗಳ ಗೀಗೀ ಮೇಳದ ಹರದೇಶಿ-ನಾಗೇಶಿ ವಾದವನ್ನು ಅವು ನಡೆದ ಕಟ್ಟೆಯಲ್ಲಿಯೇ ಹಿಡಿದಿಟ್ಟದ್ದು, ಕ್ಯಾಸೆಟ್ಟಿನ ಅಗ್ಗದ ಕಾಲದಲ್ಲಿ ಊರವರೇ ಕೊಂಡುತಂದ ಟೇಪ್‌ರೆಕಾರ್ಡರು. ಕಮಲಾಪುರ, ಮಹಾಗಾಂವ್, ಆಳಂದ, ಚಿಂಚೋಳಿಗಳ ಮನೆಗಳ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಗಳಲ್ಲಿ ಕುಳಿತಿರುವುದು ಈ ಸಂಪತ್ತು. ಬೇಸಗೆಯಲ್ಲಿ ನಲವತ್ತೆರಡು ಡಿಗ್ರಿಯನ್ನು ದಾಟುವ ನಮ್ಮ ಬಿಸಿಲಿಗೆ ಕ್ಯಾಸೆಟ್ಟಿನ ಗೂಡು ಸೊಟ್ಟಗಾಗುತ್ತದೆ. ಮಳೆಗಾಲದ ತೇವಕ್ಕೆ ಪಟ್ಟಿಯ ಮೇಲಣ ಅಯಸ್ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ಸಡಿಲಗೊಳ್ಳುತ್ತದೆ. ಅದನ್ನು ನುಡಿಸುವ ಯಂತ್ರವಾಗಲಿ, ಯಂತ್ರವನ್ನು ದುರಸ್ತಿ ಮಾಡುವ ಕೈಯಾಗಲಿ ಇನ್ನು ಸುಲಭವಾಗಿ ಸಿಕ್ಕಲಾರವು. ಯುನೆಸ್ಕೊ ಸಂಸ್ಥೆಯೇ 2019ರಲ್ಲಿ ಟೇಪುಗಳ ವಿಷಯವಾಗಿ ಜಗತ್ತಿಗೆಲ್ಲ ಎಚ್ಚರಿಕೆಯಿತ್ತು, 2025ರ ಸುಮಾರಿಗೆ ಅವುಗಳನ್ನು ಓದುವ ಸಾಧನಗಳು ದುರ್ಲಭವಾಗುವುವೆಂದು ಸಾರಿತು. ಫೈಲಾದರೋ ಎಷ್ಟು ಪ್ರತಿ ತೆಗೆದರೂ ಸವೆಯದು. ಪುಣೆಯಲ್ಲಿ ದುಡಿಯುವ ಮೊಮ್ಮಗನಿಗೆ ಅಜ್ಜನ ಕಂಠವು ನಿಮಿಷದಲ್ಲಿ ಮುಟ್ಟುತ್ತದೆ. ಇವೆಲ್ಲ ನಿಜ. ಪರಿವರ್ತನೆ ಆಗತಕ್ಕದ್ದೇ, ಬೇಗನೆ ಆಗತಕ್ಕದ್ದೇ ಎಂಬುದರಲ್ಲಿ ನನಗೆ ಲೇಶವೂ ವಿವಾದವಿಲ್ಲ.

ಪ್ಲೇಟಿನ ಧ್ವನಿಯಲ್ಲಿರುವ ಮಾಧುರ್ಯವು ಫೈಲಿಗೆ ಬರಲಾರದೆಂದು ಕಣ್ಣು ಮುಚ್ಚಿ ತಲೆದೂಗುವ ಇನ್ನೊಂದು ಪಂಗಡವುಂಟು. ಉಕ್ಕಿನ ಮುಳ್ಳು ಪ್ರತಿ ಸಲವೂ ಪ್ಲೇಟಿನ ಗೆರೆಯನ್ನು ಇಷ್ಟಿಷ್ಟೆ ಕೆರೆದುಹಾಕುತ್ತದೆಂಬುದನ್ನು ಬಲ್ಲ ಯಾವನೂ ಆ ಪಂಗಡದವನಾಗಲಾರ, ನಾನೂ ಅಲ್ಲ.

ನನ್ನ ಆಕ್ಷೇಪವಿರುವುದು, ಪರಿವರ್ತನೆಯೆಂಬುದು ನೀರನ್ನು ಕೊಡದಿಂದ ಬಿಂದಿಗೆಗೆ ಸುರಿದಷ್ಟು ಸರಳವಾದ, ಬುದ್ಧಿಯ ಹಂಗಿಲ್ಲದ ಯಾಂತ್ರಿಕ ವ್ಯಾಪಾರವೆಂಬ ನಂಬಿಕೆಯಲ್ಲಿ. ಇದು ಸುಳ್ಳು. ಪರಿವರ್ತಿಸುವವನು ಹೆಜ್ಜೆಹೆಜ್ಜೆಗೂ ನಿರ್ಣಯಗಳನ್ನು ಮಾಡುತ್ತಿರುತ್ತಾನೆ. ತಾನು ಮಾಡುತ್ತಿರುವೆನೆಂಬ ಅರಿವಿಲ್ಲದೆ ಮಾಡಿದಾಗ ಆ ನಿರ್ಣಯಗಳೆಲ್ಲ ತಪ್ಪಾಗುವ ಸಂಭವವೇ ಅಧಿಕ.

ವೇಗವೆಂಬ ಒಂದೇ ಸಂಗತಿಯನ್ನು ಪರಿಶೀಲಿಸೋಣ. ಹಳೆಯ ಪ್ಲೇಟುಗಳನ್ನು ನಾವೆಲ್ಲ ಒಂದೇ ಮಾತಿನಲ್ಲಿ ಎಪ್ಪತ್ತೆಂಟರ ಪ್ಲೇಟುಗಳೆನ್ನುತ್ತೇವೆ, ನಿಮಿಷಕ್ಕೆ 78 ಸುತ್ತು ತಿರುಗುವುವೆಂದು. ಆದರೆ ಆರಂಭದ ದಶಕಗಳಲ್ಲಿ ಈ ವೇಗವು ಸರ್ವತ್ರ ಸ್ಥಿರವಾಗಿರಲಿಲ್ಲ. ಕೆಲವು ಪ್ಲೇಟುಗಳನ್ನು ಎಪ್ಪತ್ತೆಂಟಕ್ಕಿಂತ ನಿಧಾನವಾಗಿಯೂ ಕೆಲವನ್ನು ತುಸು ತ್ವರೆಯಾಗಿಯೂ ಮುದ್ರಿಸಿದ್ದುಂಟು. 74 ಸುತ್ತಿನಲ್ಲಿ ಮುದ್ರಿತವಾದುದನ್ನು 78ರಲ್ಲಿ ನುಡಿಸಿದರೆ ಧ್ವನಿಯು ನೂರಕ್ಕೆ ಐದಕ್ಕೂ ಮಿಕ್ಕು ಏರುತ್ತದೆ, ಎಂದರೆ ಹತ್ತಿರ ಹತ್ತಿರ ಅರ್ಧ ಸ್ವರ. ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದವನು ಬಿಳಿ ಎರಡರ ಗಾಯಕನಾಗುತ್ತಾನೆ, ಅವನ ವಿಲಂಬವು ಮಧ್ಯಲಯದ ಕಡೆಗೆ ಸರಿಯುತ್ತದೆ, ಕಂಠದ ಗಾಂಭೀರ್ಯವು ತೆಳುವಾಗುತ್ತದೆ. ಹಾರ್ಮೋನಿಯಂ ಹಿಡಿದು ಕುಳಿತ ಭಜನೆಯವನಿಗೆ ಇದು ಕೂಡಲೆ ಗೊತ್ತಾದೀತು. ಗುಂಡಿಯನ್ನೊತ್ತಿ ಚಹಾಕ್ಕೆ ಹೋದವನಿಗೆ ಗೊತ್ತಾಗುವುದಿಲ್ಲ. ಮುಳ್ಳಿನದೂ ಹೀಗೆಯೇ. ಎಪ್ಪತ್ತೆಂಟರ ಪ್ಲೇಟಿನ ಅಗಲವಾದ ಗೆರೆಗೆ ಬೇಕಾದ ಮುಳ್ಳು ಬೇರೆ, 1948ರ ಈಚಿನ ಲಾಂಗ್‌ಪ್ಲೇ ರೆಕಾರ್ಡಿನ ಸೂಕ್ಷ್ಮ ಗೆರೆಗೆ ಬೇಕಾದ ಮುಳ್ಳು ಬೇರೆ. ಎರಡನೆಯದನ್ನು ಮೊದಲನೆಯದರ ಮೇಲಿಟ್ಟರೆ ಅದು ಗೆರೆಯ ತಳಕ್ಕಿಳಿದು ಹಾಡಿಗಿಂತ ಹೆಚ್ಚಾಗಿ ಧೂಳನ್ನೇ ಓದುತ್ತದೆ. ಅನಂತರ ಆ ಸದ್ದನ್ನು ಅಳಿಸಲು ಮತ್ತೊಂದು ಚಿಕಿತ್ಸೆ!

ಗಂಗೂಬಾಯಿ ಹಾನಗಲ್ಲರ ಉದಾಹರಣೆಯು ಈ ವಿಷಯದಲ್ಲಿ ಬಹಳ ಬೋಧಪ್ರದವಾಗಿದೆ. ಅವರ ಮೊದಮೊದಲಿನ ಪ್ಲೇಟುಗಳನ್ನು ಮೂವತ್ತರ ದಶಕದಲ್ಲಿ ಎಚ್‌ಎಂವಿ ಕಂಪನಿಯು ಹೊರಡಿಸಿದಾಗ ಲೇಬಲ್ಲಿನ ಮೇಲೆ ಗಾಂಧಾರಿ ಎಂಬ ಹೆಸರಿತ್ತು. ಆಗ ಅವರ ಕಂಠವಾದರೂ ನಾವು ಬಲ್ಲ ಆ ಘನವಾದ, ಪುರುಷಸದೃಶವಾದ ಕಂಠವಾಗಿರಲಿಲ್ಲ. ತೆಳ್ಳನೆಯ, ತಾರಕ್ಕೆ ಲೀಲೆಯಿಂದೇರುವ ಕಂಠ. ಗಂಟಲಿನ ಕಾಯಿಲೆಗೆ ಚಿಕಿತ್ಸೆಯಾದ ಮೇಲಷ್ಟೇ ಧ್ವನಿಯು ಬದಲಾದುದು. ಈಗ ಲೇಬಲ್ಲಿನಿಂದ ಬೇರ್ಪಟ್ಟ ಇಂಥದೊಂದು ಹಾಡು 'ಟ್ರ್ಯಾಕ್ 07' ಎಂಬ ಹೆಸರಿನಿಂದ ನಮ್ಮ ಕೈಗೆ ಬಂದಿತೆಂದು ಊಹಿಸಿರಿ. ಗಂಗೂಬಾಯಿಯವರ ಹಾಡನ್ನು ಚೆನ್ನಾಗಿ ಬಲ್ಲವನೇ ಮೊದಲು ಇದು ಅವರದಲ್ಲವೆಂದು ಸಾಧಿಸುವನು. ಅವನಿಗಿಂತ ಚತುರನಾದ ಮತ್ತೊಬ್ಬನು, ಪ್ಲೇಟು ವೇಗವಾಗಿ ತಿರುಗಿರಬೇಕು, ಇದನ್ನು ನಿಧಾನಗೊಳಿಸಿದರೆ ನಮಗೆ ಪರಿಚಿತವಾದ ಕಂಠವು ಬಂದೀತೆಂದು ಹೇಳಿ ಹಾಗೆಯೇ ಮಾಡುವನು. ಕಂಪ್ಯೂಟರಿನಲ್ಲಿ ಅದು ಒಂದು ಬೆರಳಿನ ಕೆಲಸ. ಹೀಗೆ ಮೊದಲನೆಯವನ ಅಜ್ಞಾನದಿಂದ ಒಬ್ಬ ಗಾಯಕಿಯ ಹಾಡು ಅನಾಥವಾಯಿತು, ಎರಡನೆಯವನ ಜಾಣತನದಿಂದ ಆಕೆಯು ಎಂದೂ ಹಾಡದ ಹಾಡೊಂದು ಆಕೆಯ ಹೆಸರಿನಲ್ಲಿ ಹುಟ್ಟಿತು. ಇಬ್ಬರನ್ನೂ ತಡೆಯಬಲ್ಲದ್ದು ಅಂಗೈಯಗಲದ ಆ ದುಂಡನೆಯ ಕಾಗದ ಮತ್ತು ಪ್ಲೇಟಿನ ಮೇಲೆ ಕೊರೆದ ಸಂಖ್ಯೆ. ನಮ್ಮ ಪ್ರಚಲಿತ ಮತದ ಪ್ರಕಾರ ಅವೆರಡೂ ಹಾಡಲ್ಲ, ಆದಕಾರಣ ಎಸೆಯಬಹುದಾದವು.

ಕ್ಯಾಸೆಟ್ಟಿನ ಕಡೆಗೆ ತಿರುಗಿದರೆ ಸಂಗತಿಯು ಇನ್ನೂ ಸೂಕ್ಷ್ಮವಾಗುತ್ತದೆ. ಜಾತ್ರೆಯ ಕಟ್ಟೆಯ ಮೇಲೆ ಸೆಲ್ಲಿನಿಂದ ನಡೆಯುತ್ತಿದ್ದ ಟೇಪ್‌ರೆಕಾರ್ಡರು, ಸೆಲ್ಲು ಸೋತಂತೆಲ್ಲ ನಿಧಾನವಾಗುತ್ತಿತ್ತು. ನಿಧಾನವಾಗಿ ಮುದ್ರಿತವಾದುದನ್ನು ಇಂದು ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಮುಂದುಮುಂದಕ್ಕೆ ಹೋದಂತೆ ಶ್ರುತಿಯು ಏರುತ್ತಲೇ ಹೋಗುತ್ತದೆ. ಕೇಳಿದವನು ಹಾಡುವ ಮುದುಕನಿಗೆ ಆವೇಶ ಬಂದಿತೆಂದುಕೊಳ್ಳುತ್ತಾನೆ! ಇದನ್ನು ಸರಿಪಡಿಸಲು ಉಪಾಯವಿಲ್ಲದಿಲ್ಲ. ಲೌಡ್‌ಸ್ಪೀಕರಿನ ಆಂಪ್ಲಿಫೈಯರಿನಿಂದಲೋ ವಿದ್ಯುತ್ತಿನ ತಂತಿಯಿಂದಲೋ ಟೇಪಿನೊಳಗೆ ನುಸುಳಿದ ಗುಂಯ್ ಎಂಬ ಒಂದು ಸಣ್ಣ ಮೊರೆತವಿರುತ್ತದೆ. ನಮ್ಮ ದೇಶದಲ್ಲಿ ವಿದ್ಯುತ್ತಿನ ಆಂದೋಲನವು ಸೆಕೆಂಡಿಗೆ ಐವತ್ತಾದುದರಿಂದ, ಆ ಮೊರೆತವು ಐವತ್ತಕ್ಕೆ ಬರುವವರೆಗೆ ವೇಗವನ್ನು ತಿದ್ದಿದರೆ ಹಾಡೂ ತನ್ನ ಸ್ವಸ್ಥಾನಕ್ಕೆ ಬರುತ್ತದೆ. ಆದರೆ ಅಂಗಡಿಯವನು ಹಾಡನ್ನು ಇಳಿಸುವಾಗ ಮೊಟ್ಟಮೊದಲು ಮಾಡುವ ಕೆಲಸವೇ, ಗಿರಾಕಿಗೆ ಇಷ್ಟವಾಗಲೆಂದು ಈ ಮೊರೆತವನ್ನು ತೊಳೆದುಹಾಕುವುದು. ಸಾಕ್ಷಿಯನ್ನೇ ಕೊಂದು ನ್ಯಾಯಾಲಯವನ್ನು ಶುಭ್ರಗೊಳಿಸಿದಂತಾಯಿತು. ತೊಳೆಯುವ ಆ ತಂತ್ರಕ್ಕಾದರೋ ಗದ್ದಲ ಯಾವುದು, ನಾದ ಯಾವುದು ಎಂಬ ವಿವೇಕವಿಲ್ಲ. ಎಡೆಬಿಡದೆ ಒಂದೇ ಸಮನಾಗಿ ಮಿಡಿಯುವ ಏಕತಾರಿಯ ಶ್ರುತಿಯನ್ನು ಸಹ ಅದು ಗದ್ದಲದ ಲೆಕ್ಕಕ್ಕೆ ಸೇರಿಸಿ ಮಸುಕುಗೊಳಿಸಬಲ್ಲುದು. ಇನ್ನು, ಕ್ಯಾಸೆಟ್ಟನ್ನು ಓದುವ ಯಂತ್ರದ ಹೆಡ್ಡು ಆಯಾ ಪಟ್ಟಿಗೆ ನೇರವಾಗಿ ನಿಲ್ಲದೆ ಕೂದಲೆಳೆಯಷ್ಟು ಓರೆಯಾದರೂ ಮೊದಲು ಸಾಯುವುದು ಎತ್ತರದ ಸ್ವರಗಳು. ತಾಳದ ಝಣತ್ಕಾರವು ಕುಂದಿ, ಭಜನೆಯೆಲ್ಲ ಗೋಡೆಯ ಆಚೆಯಿಂದ ಕೇಳಿಬಂದಂತಾಗುತ್ತದೆ. ಅಳಿದುಳಿದ ಝೇಂಕಾರದ ತುದಿಯನ್ನು ಎಂಪಿ-ತ್ರೀಯ ಸಂಕ್ಷೇಪವು ಕತ್ತರಿಸುತ್ತದೆ.

ಯಂತ್ರದ ದೋಷಗಳು ಇಷ್ಟಾದುವು. ಇವುಗಳಿಗಿಂತ ಘೋರವಾದುದು ಕತ್ತರಿಯ ದೋಷ. ಕ್ಯಾಸೆಟ್ಟಿನ ಒಂದು ಮಗ್ಗುಲಿನ ಮೂವತ್ತು ಅಥವಾ ನಲವತ್ತೈದು ನಿಮಿಷಗಳನ್ನು ಹಾಡುಹಾಡಾಗಿ ತುಂಡರಿಸಿ, ನಡುವಣ ಮಾತು, ಕೆಮ್ಮು, ಶ್ರುತಿ ಸರಿಪಡಿಸುವ ಸದ್ದು, ಚಪ್ಪಾಳೆ ಇವುಗಳನ್ನೆಲ್ಲ ವ್ಯರ್ಥವೆಂದು ಬಿಸುಟು, ಹಾಡು ಮುಗಿಯುವ ಮುನ್ನವೇ ಧ್ವನಿಯನ್ನು ಮೆಲ್ಲನೆ ಇಳಿಸಿಬಿಡುವುದು ಇಂದು ಸರ್ವಸಾಮಾನ್ಯವಾದ ಪದ್ಧತಿ. ವ್ಯರ್ಥವೆಂಬ ಈ ವಸ್ತುವಿನಲ್ಲಿ ಏನಿರುತ್ತದೆಂಬುದಕ್ಕೆ ನಮ್ಮ ದೇಶದ ಧ್ವನಿಮುದ್ರಣದ ಆದಿಯಲ್ಲಿಯೇ ನಿದರ್ಶನವಿದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಮುಂದೆ ಹಾಡಿದ ಗೌಹರ್ ಜಾನ್ (ಈಕೆ ತನ್ನ ಕಡೆಯ ದಿನಗಳನ್ನು ನಮ್ಮ ಮೈಸೂರಿನಲ್ಲಿ ಆಸ್ಥಾನ ಗಾಯಕಿಯಾಗಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು) ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಅದು ಅಹಂಕಾರವಲ್ಲ. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಾಗಿದ್ದುವು; ಅಲ್ಲಿಯ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಲು ಈ ಘೋಷಣೆಯು ನೆರವಾಗುತ್ತಿತ್ತು. ಲೇಬಲ್ಲು ಹರಿದುಹೋದರೂ ಪ್ಲೇಟು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವಂತಾಯಿತು. ಇಂದಿನ ನಮ್ಮ ಅಂಗಡಿಯ ಕತ್ತರಿಗೆ ಸಿಕ್ಕಿದ್ದರೆ ಮೊದಲು ಹೋಗುತ್ತಿದ್ದುದು ಆ ಹೆಸರು.

ತತ್ವಪದಗಳಲ್ಲಿ ಈ ಅನರ್ಥವು ನಿತ್ಯವೂ ನಡೆಯುತ್ತಿದೆ. ತತ್ವಪದಕಾರನು ತನ್ನ ಅಂಕಿತವನ್ನಿಡುವುದು ಸಾಮಾನ್ಯವಾಗಿ ಕೊನೆಯ ನುಡಿಯಲ್ಲಿ. ಕಡಕೋಳ ಮಡಿವಾಳಪ್ಪ, ಅವನ ಶಿಷ್ಯರಾದ ಖೈನೂರು ಕೃಷ್ಣಪ್ಪ, ಚೆನ್ನೂರು ಜಲಾಲಸಾಹೇಬ ಮೊದಲಾದವರ ಪದಗಳಲ್ಲಿ ಪರಿಭಾಷೆಯು ಬಹುಮಟ್ಟಿಗೆ ಒಂದೇ, ಧಾಟಿಯೂ ಎಷ್ಟೋ ವೇಳೆ ಒಂದೇ. ಗುರುವಿನದು ಯಾವುದು, ಶಿಷ್ಯನದು ಯಾವುದು, ಲಿಂಗವಂತನದು ಯಾವುದು, ಮುಸಲ್ಮಾನನದು ಯಾವುದು ಎಂಬುದನ್ನು ಹೇಳಬಲ್ಲದ್ದು ಆ ಕೊನೆಯ ನುಡಿ. ಕ್ಯಾಸೆಟ್ಟು ಮುಗಿದು ಮಗ್ಗುಲು ಬದಲಿಸುವಲ್ಲಿ ಪದವು ತುಂಡಾಗಿದ್ದರೆ ಎರಡನೆಯ ತುಂಡು ಬೇರೊಂದು ಫೈಲಾಗಿ ಬೇರೊಂದು ಹೆಸರನ್ನು ಪಡೆಯುತ್ತದೆ. ತುಂಡಾಗದಿದ್ದಲ್ಲಿಯೂ, ನಾಲ್ಕು ನಿಮಿಷಕ್ಕೆ ಹಾಡು ಸಾಕೆಂದು ಧ್ವನಿಯನ್ನಿಳಿಸುವ ಜಾಣನ ಕೈಯಲ್ಲಿ ಅಂಕಿತವು ನಶಿಸುತ್ತದೆ. ಹರದೇಶಿ-ನಾಗೇಶಿಯ ಗತಿಯಂತೂ ಹಾಸ್ಯಾಸ್ಪದ. ಗಂಡು ಹೆಚ್ಚೆಂದು ಒಂದು ಮೇಳವು ಹಾಕಿದ ಸವಾಲಿಗೆ ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳವು ಆ ಕ್ಷಣದಲ್ಲಿಯೇ ಕಟ್ಟಿ ಎಸೆದ ಉತ್ತರದಲ್ಲಿ ಅಲ್ಲವೆ ಅದರ ಪ್ರಾಣವಿರುವುದು? ಟೇಪಿನ ಮೇಲೆ ಆ ಸರದಿಯು ಅಚ್ಚಳಿಯದೆ ನಿಂತಿದೆ. ಅದನ್ನು ಹನ್ನೆರಡು ಫೈಲುಗಳನ್ನಾಗಿ ಕಡಿದು ಪೆನ್‌ಡ್ರೈವಿಗೆ ತುಂಬಿದಾಗ ಯಂತ್ರವು ಅವನ್ನು ಅಕ್ಷರಾನುಕ್ರಮದಲ್ಲಿ ನಿಲ್ಲಿಸಿಕೊಳ್ಳುತ್ತದೆ. ಟ್ರ್ಯಾಕ್ಟರಿನಲ್ಲಿ ಕುಳಿತು ಕೇಳುವವನಿಗೆ ಉತ್ತರವು ಮೊದಲು ಕೇಳಿ ಅರ್ಧ ಗಂಟೆಯ ಮೇಲೆ ಸವಾಲು ಕೇಳುತ್ತದೆ, ನಡುವೆ ಯಾರದೋ ಸಿನಿಮಾ ಹಾಡು.

ಕನ್ನಡಿಗರಿಗೆ ಇಂಥ ಪರಿವರ್ತನೆಯು ಹೊಸದಲ್ಲ. ಓಲೆಯಿಂದ ಅಚ್ಚಿಗೆ ನಮ್ಮ ಸಾಹಿತ್ಯವು ಇಳಿದು ಬಂದ ಕಥೆಯನ್ನು ಪೂರ್ವಪಕ್ಷದವರು ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ವಿಜಾಪುರದಲ್ಲಿ ಕುಳಿತು ಮಠಮನೆಗಳಿಂದ ಓಲೆಗಳನ್ನು ತರಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಫ. ಗು. ಹಳಕಟ್ಟಿಯವರಾಗಲಿ, ಅವರ ಹಿಂದಿನ ಮುಂದಿನ ಸಂಪಾದಕರಾಗಲಿ, ಅಕ್ಷರಗಳನ್ನು ನಕಲು ಮಾಡಿಕೊಂಡೆವು, ಇನ್ನು ಓಲೆಯು ಒಲೆಗೆ ಎಂದವರಲ್ಲ. ಪ್ರತಿ ಎಲ್ಲಿಯದು, ಲಿಪಿಕಾರನಾರು, ಪಾಠಾಂತರವೇನು, ಎಲ್ಲಿ ಹುಳು ತಿಂದಿದೆ ಎಂಬುದನ್ನು ಗುರುತಿಸುವುದನ್ನೇ ನಾವು ಗ್ರಂಥಸಂಪಾದನೆಯೆಂದು ಗೌರವಿಸಿ ವಿಶ್ವವಿದ್ಯಾಲಯಗಳಲ್ಲಿ ಶಾಸ್ತ್ರವಾಗಿ ಕಲಿಸುತ್ತೇವೆ. ನಮ್ಮ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವನ್ನು 1898ರಲ್ಲಿ ಕೆ. ಬಿ. ಪಾಠಕರು ಅಚ್ಚು ಮಾಡಿಸಿದ ಮೇಲೆ, ಅದರ ಕರ್ತೃವು ನೃಪತುಂಗನೋ ಶ್ರೀವಿಜಯನೋ ಎಂಬ ವಾದವು ದಶಕಗಳ ಕಾಲ ನಡೆಯಿತು. ಆ ವಾದಕ್ಕೆ ಆಧಾರವಾದದ್ದು ಯಾವುದು? ಬಹುಮಟ್ಟಿಗೆ ಪರಿಚ್ಛೇದಗಳ ಅಂತ್ಯದಲ್ಲಿರುವ ಮಾತುಗಳು. ಅಲಂಕಾರಶಾಸ್ತ್ರವಷ್ಟೇ ಸಾಕು, ಪರಿಚ್ಛೇದಾಂತ್ಯದ ಔಪಚಾರಿಕ ಮಾತು ಯಾರಿಗೆ ಬೇಕು ಎಂದು ಒಬ್ಬ ಲಿಪಿಕಾರನು ಅವನ್ನು ಬಿಟ್ಟಿದ್ದರೆ ನಮಗೆ ಶ್ರೀವಿಜಯನು ದಕ್ಕುತ್ತಿರಲಿಲ್ಲ. ಅಕ್ಷರಕ್ಕೆ ಸಲ್ಲುವ ಈ ಶ್ರದ್ಧೆಯು ನಾದಕ್ಕೇಕೆ ಸಲ್ಲಬಾರದು? ತತ್ವಪದಗಳ ಸಾಹಿತ್ಯವನ್ನು ಸಮಗ್ರವಾಗಿ ಸಂಪಾದಿಸಿ ಸಂಪುಟಗಳಲ್ಲಿ ಪ್ರಕಟಿಸುವ ಕಾರ್ಯವನ್ನು ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರವು ಕೈಗೊಂಡಿತು. ಅದೇ ಪದಗಳ ಹಾಡಿಕೆಯು ಮಾತ್ರ ಹೆಸರಿಲ್ಲದೆ, ಊರಿಲ್ಲದೆ ಮೆಮೊರಿ ಕಾರ್ಡಿನಲ್ಲಿ ಅಲೆಯಬೇಕೆಂಬುದು ಯಾವ ನ್ಯಾಯ?

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಬಹಳ ಜನಪ್ರಿಯವಾದ ಆಕ್ಷೇಪ. ಈ ಪಾಠಾಂತರ, ಶ್ರುತಿ, ವೇಗ ಎಲ್ಲ ಪಂಡಿತರ ಚಿಂತೆ; ಜನಕ್ಕೆ ಹಾಡು ಸಾಕು ಎಂಬುದು. ಜನರ ಹೆಸರಿನಲ್ಲಿ ಹೇಳುವ ಈ ಮಾತು ಜನರಿಗೇ ಮಾಡುವ ಅಪಮಾನವೆಂದು ನನ್ನ ಅಭಿಪ್ರಾಯ. ಅಕ್ಷರವನ್ನೇ ಕಲಿಯದ ಎಷ್ಟು ಮಂದಿ ಭಜನೆಯವರು ಪದವೊಂದನ್ನು ಎತ್ತಿಕೊಳ್ಳುವ ಮುನ್ನ ಇದು ಇಂಥವರ ಪದ, ಇದನ್ನು ನಮಗೆ ಹೇಳಿಕೊಟ್ಟವರು ಇಂಥ ಊರಿನ ಇಂಥವರು ಎಂದು ಹೇಳಿ ನಮಸ್ಕರಿಸುವುದಿಲ್ಲ! ಅಂಕಿತವನ್ನು ನುಂಗಿದವನನ್ನು ಕಟ್ಟೆಯ ಮೇಲೆಯೇ ತಡೆದು ಗದರಿಸುವವರು ಪ್ರಾಧ್ಯಾಪಕರಲ್ಲ, ಅವರೇ. ಪರಂಪರೆಯನ್ನು ಹೆಸರು ಹಿಡಿದು ಸ್ಮರಿಸುವುದು ಅವರಲ್ಲಿ ಹಾಡಿಕೆಯ ಅಂಗ. ಅದನ್ನು ಅನಗತ್ಯವೆಂದವರು ಎರಡು ಪರೀಕ್ಷೆ ಪಾಸಾದ ನಾವು.

ಖರ್ಚಿನ ಮಾತನ್ನು ಬೇಗ ಮುಗಿಸಬಹುದು. ಧ್ವನಿ ಸಂಗ್ರಹಾಲಯಗಳಲ್ಲಿ ಉಳಿಕೆಯ ಪ್ರತಿಗೆ ವ್ಯಾಪಕವಾಗಿ ರೂಢಿಯಲ್ಲಿರುವ ಪ್ರಮಾಣವು 24 ಬಿಟ್, 96 ಕಿಲೋಹರ್ಟ್ಸ್. ಆ ಪ್ರತಿಯಲ್ಲಿ ತೊಳೆಯುವಿಕೆ, ತಿದ್ದುವಿಕೆ ಏನೂ ಕೂಡದು. ಒಂದು ಗಂಟೆಯ ಹಾಡಿಗೆ ಇದರಿಂದ ಎರಡು ಗಿಗಾಬೈಟಿನಷ್ಟು ಸ್ಥಳ ಹಿಡಿಯುತ್ತದೆ; ಅಂಗಡಿಯ 128 ಕಿಲೋಬಿಟ್ಟಿನ ಎಂಪಿ-ತ್ರೀಗೆ ಅರುವತ್ತು ಮೆಗಾಬೈಟೂ ಬೇಡ. ಮೂವತ್ತಾರು ಪಟ್ಟು ವ್ಯತ್ಯಾಸವೆಂದು ಕೇಳಿ ಗಾಬರಿಯಾಗಬಹುದು. ಆದರೆ ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಈ ಪೂರ್ಣಪ್ರಮಾಣದ ಪ್ರತಿಗಳೇ ಸುಮಾರು 480 ಗಂಟೆ ಹಿಡಿಯುತ್ತವೆ, ಎಂದರೆ ಒಂದು ಗಂಟೆಯ 480 ಕ್ಯಾಸೆಟ್ಟುಗಳು. ಒಂದು ಊರಿನ ಅಟ್ಟಗಳೆಲ್ಲ ಅದರಲ್ಲಿ ಅಡಗುತ್ತವೆ. ಕೇಳುವುದಕ್ಕೆ ಬೇಕಾದ ಚಿಕ್ಕ ಪ್ರತಿಯನ್ನು ಈ ದೊಡ್ಡ ಪ್ರತಿಯಿಂದ ಯಾವಾಗ ಬೇಕಾದರೂ ತೆಗೆಯಬಹುದು. ಚಿಕ್ಕದರಿಂದ ದೊಡ್ಡದು ಎಂದಿಗೂ ಬಾರದು. ಕಾನೂನಿನ ಕಡೆಯಿಂದಲೂ ಒಂದು ಮಾತು: 2012ರ ತಿದ್ದುಪಡಿಯ ಮೇಲೆ ನಮ್ಮ ಕೃತಿಸ್ವಾಮ್ಯದ ಕಾಯಿದೆಯು, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಡಲು ಅನುಮತಿಸುತ್ತದೆ, ಆದರೆ ಆ ಕೃತಿಯ ಡಿಜಿಟಲ್ಲಲ್ಲದ ಪ್ರತಿಯು ಅದರಲ್ಲಿ ಮೊದಲೇ ಇದ್ದರೆ. ಮೂಲವಿಲ್ಲದ ನಕಲಿಗೆ ಶಾಸನಕರ್ತರು ಸಹ ಮಾನ್ಯತೆಯನ್ನು ಕೊಟ್ಟಿಲ್ಲ.

ಮೂಲವನ್ನು ಏಕೆ ಇಟ್ಟುಕೊಳ್ಳಬೇಕೆಂದು ಇನ್ನೂ ಕೇಳುವವರಿಗೆ ಪ್ಯಾರಿಸಿನ ಒಂದು ವೃತ್ತಾಂತವನ್ನು ಹೇಳಬೇಕಾಗಿದೆ. ಎಡಿಸನ್ನನ ಯಂತ್ರಕ್ಕಿಂತ ಮುಂಚೆಯೇ, 1860ರಲ್ಲಿ, ಲೆಯೋನ್ ಸ್ಕಾಟ್ ಎಂಬವನು ಮಸಿ ಹಿಡಿಸಿದ ಕಾಗದದ ಮೇಲೆ ಧ್ವನಿಯ ಅಲೆಗಳನ್ನು ಗೀಚಿಸಿದನು. ಅವನ್ನು ನೋಡುವುದು ಅವನ ಗುರಿಯಾಗಿತ್ತು, ಕೇಳುವುದಲ್ಲ. 2008ರಲ್ಲಿ ಕೆಲವು ಸಂಶೋಧಕರು ಆ ಗೆರೆಗಳನ್ನು ಚಿತ್ರ ತೆಗೆದು ಕಂಪ್ಯೂಟರಿನಿಂದ ನಾದವನ್ನಾಗಿಸಿದರು. ಹುಡುಗಿಯೊಬ್ಬಳು ಹಾಡಿದಂತೆ ಕೇಳಿತು. ಲೋಕವೆಲ್ಲ ಹಾಗೆಯೇ ನಂಬಿತು. ಮರುವರ್ಷ ತಿಳಿದುಬಂದಿತು, ವೇಗವು ಇಮ್ಮಡಿಯಾಗಿತ್ತು; ಅರ್ಧಕ್ಕಿಳಿಸಿದಾಗ ಅದು ಗಂಡಸಿನ ಕಂಠ, ಬಹುಶಃ ಸ್ಕಾಟನದೇ. ತಪ್ಪನ್ನು ಕಾಣುವುದು ಸಾಧ್ಯವಾದುದು ಧ್ವನಿಯ ಗೆರೆಯ ಪಕ್ಕದಲ್ಲಿಯೇ ಶ್ರುತಿಕವಲೊಂದರ ಕಂಪನದ ಗೆರೆಯನ್ನೂ ಆತನು ಎಳೆದಿದ್ದುದರಿಂದ, ಮತ್ತು ಒಂದೂವರೆ ಶತಮಾನದ ಕಾಲ ಯಾರೂ ಆ ಕಾಗದವನ್ನು ಬಿಸಾಡದಿದ್ದುದರಿಂದ. 2008ರ ಫೈಲನ್ನೇ ಪರಮಪ್ರಮಾಣವೆಂದು ಬಗೆದಿದ್ದರೆ ಆ ಹುಡುಗಿಯು ಇಂದಿಗೂ ಹಾಡುತ್ತಿದ್ದಳು.

ಇನ್ನು ಉಳಿದದ್ದು ಪೂರ್ವಪಕ್ಷದ ಮುಖ್ಯಾಸ್ತ್ರವಾದ ತ್ವರೆ. ಟೇಪು ಸಾಯುತ್ತಿದೆ, ವಿಚಾರಕ್ಕೆ ವೇಳೆಯಿಲ್ಲ ಎನ್ನುತ್ತಾರೆ. ವೇಳೆಯಿಲ್ಲವೆಂಬುದು ಸತ್ಯ, ಮೊದಲು ಸಾಯುವುದು ಟೇಪೆಂಬುದು ಮಾತ್ರ ಅಸತ್ಯ. ಕೊಂಚ ತಂಪಾದ ಕಪಾಟಿನಲ್ಲಿ, ಧೂಳು ಬಿಸಿಲುಗಳಿಲ್ಲದೆಡೆ ನೆಟ್ಟಗೆ ನಿಲ್ಲಿಸಿದ ಕ್ಯಾಸೆಟ್ಟು ಇನ್ನೂ ಕೆಲವು ವರ್ಷ ತಡೆದೀತು. ಅದರೊಳಗಿನ ಕಂಠವು ಯಾರದೆಂದು ಕೇಳಿದ ಕೂಡಲೆ ಹೇಳಬಲ್ಲ ಹಿರಿಯರು ಎಂಬತ್ತರ ಆಚೀಚೆಯವರು. ಅವರನ್ನು ನಿಲ್ಲಿಸಿಕೊಳ್ಳುವ ಕಪಾಟಿಲ್ಲ. ಹೀಗಿರುವಲ್ಲಿ ಕಮಲಾಪುರದ ಮಂಡಳಿಯವರು ಟೇಪುಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಪೇಟೆಯ ಅಂಗಡಿಗೆ ಹೊರಿಸುವ ಮುನ್ನ, ಒಂದೊಂದನ್ನೂ ಆ ಹಿರಿಯರ ಮುಂದೆ ನುಡಿಸಿ, ಮುಮ್ಮೇಳದಲ್ಲಿ ಯಾರು, ಹಿಮ್ಮೇಳದಲ್ಲಿ ಯಾರು, ತಾಳ ಯಾರದು, ಪೇಟಿ ಯಾರದು, ಯಾವ ಊರಿನ ಯಾವ ಜಾತ್ರೆ, ಪದವನ್ನು ಯಾರಿಂದ ಕಲಿತದ್ದು, ನಡುವೆ ನಕ್ಕವರು ಯಾಕೆ ನಕ್ಕರು ಎಂಬುದನ್ನು ಕೇಳಿ ನೋಟುಬುಕ್ಕಿನಲ್ಲಿ ಬರೆದು, ಕ್ಯಾಸೆಟ್ಟಿಗೂ ಬರೆಹಕ್ಕೂ ಒಂದೇ ಸಂಖ್ಯೆಯನ್ನು ಹಾಕಿ, ಆಮೇಲೆ ಮಗ್ಗುಲು ಮಗ್ಗುಲಾಗಿ, ಎಲ್ಲಿಯೂ ಕತ್ತರಿಸದೆ ಇಳಿಸತಕ್ಕದ್ದು. ಜೊತೆಗೆ ಆ ರಾತ್ರಿ ಟೇಪ್‌ರೆಕಾರ್ಡರು ಸೆಲ್ಲಿನ ಮೇಲೆ ನಡೆಯುತ್ತಿತ್ತೋ ಕರೆಂಟಿನ ಮೇಲೆ ನಡೆಯುತ್ತಿತ್ತೋ ಎಂಬುದನ್ನೂ ಕೇಳಿ ಬರೆದುಕೊಳ್ಳತಕ್ಕದ್ದು.